ಚೆಕ್‌ರೋಲಿಗೆ ಯಾವ ನೀಲಿ? ಸಕಲೇಶಪುರದ ಮಳೆಗಾಲದಲ್ಲಿ ಇಂಕು ಆರಿಸುವ ಬಗೆ

ಕಾಫಿ ತೋಟದ ಆಫೀಸಿನಲ್ಲಿ ರೈಟರ್ ಕೆಲಸ ಮಾಡುವವರ ಫೌಂಟನ್ ಪೆನ್ನಿಗೆ ಮೂರು ಬಗೆಯ ಕಾಗದ ಸಿಗುತ್ತದೆ: ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ರಿಜಿಸ್ಟರು), ಕೊಯ್ಲಿನ ಕೆ.ಜಿ. ಗುರುತು ಹಾಕಿಕೊಳ್ಳುವ ಕಚ್ಚಾ ಪುಸ್ತಕ, ಬ್ಯಾಂಕಿನ ಚೆಕ್ಕು. ಮೂರಕ್ಕೂ ಒಂದೇ ನೀಲಿ ಹೊಂದುವುದಿಲ್ಲ. ಬಣ್ಣ ಚೆಂದ ಕಂಡಿತೆಂದು ತಂದ ಬಾಟಲಿಯ ನಿಜ ಗುಣ ಗೊತ್ತಾಗುವುದು ಪುನರ್ವಸು ಮಳೆ ಹಿಡಿದಾಗ.

ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ರಾಯಲ್ ಬ್ಲೂ ಬಹುತೇಕ ‘ವಾಷಬಲ್’ ಜಾತಿಯದು. ಬಟ್ಟೆಗೆ ಬಿದ್ದರೂ ಒಗೆದಾಗ ಹೋಗಲಿ ಎಂದು ಮಾಡಿದ್ದು. ಪೆಲಿಕನ್ 4001 ರಾಯಲ್ ಬ್ಲೂವಿನಂಥ ಇಂಕನ್ನು ಅಳಿಸುವುದಕ್ಕೆಂದೇ ಬೇರೆ ಪೆನ್ನು ಮಾರುತ್ತಾರೆ. ಪೆನ್ನಿನ ಮಟ್ಟಿಗೆ ಇದು ಬಹಳ ಸಾಧು. ಒಣಗಿ ಕೂತರೂ ತಣ್ಣೀರಿಗೆ ಬಿಟ್ಟುಕೊಡುತ್ತದೆ. ಅದೇ ಗುಣ ಚೆಕ್‌ರೋಲಿಗೆ ಶತ್ರು. ಹಾಜರಿ ಹಾಕುವ ಹೊತ್ತಿನಲ್ಲಿ ಕೊಡೆಯಿಂದ ಒಂದು ಹನಿ ಬಿದ್ದರೆ ಪೂರ್ತಿ ದಿನದ ಗುರುತು, ಅರ್ಧ ದಿನದ ಗುರುತು ಎರಡೂ ಒಂದೇ ಕಲೆಯಾಗುತ್ತವೆ. ಬಟವಾಡೆ ದಿನ ಆ ಕಲೆಯ ಮುಂದೆ ನಿಲ್ಲುವವರ ಕೂಲಿಯ ಪ್ರಶ್ನೆ ಇದು. ರಾಯಲ್ ಬ್ಲೂ ಕಚ್ಚಾ ಪುಸ್ತಕಕ್ಕೆ ಇರಲಿ, ಅಲ್ಲಿಂದಾಚೆಗೆ ಬೇಡ.

‘ಪರ್ಮನೆಂಟ್ ಬ್ಲೂ’ ಎಂದು ಬರೆದಿದ್ದರೆ ನೀರಿಗೆ ಜಗ್ಗುವುದಿಲ್ಲ ಎಂದು ನಂಬಿ ಕೂರಬೇಡಿ. ಹೆಚ್ಚಿನವು ವಾಷಬಲ್‌ಗಿಂತ ಸ್ವಲ್ಪ ಗಟ್ಟಿ, ಅಷ್ಟೆ.

ಚೆಕ್‌ರೋಲಿಗೆ ನಾವು ನೆಚ್ಚುವುದು ಐರನ್ ಗಾಲ್ ಜಾತಿಯ ಬ್ಲೂ-ಬ್ಲ್ಯಾಕ್. ಪ್ಲಾಟಿನಂ ಬ್ಲೂ-ಬ್ಲ್ಯಾಕ್, ಡಯಮೈನ್ ರಿಜಿಸ್ಟ್ರಾರ್ಸ್ ಈ ಸಾಲಿನವು. ಇದರ ರಸಾಯನ ನಮಗೇನೂ ಹೊಸದಲ್ಲ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಕಾಯಿಸುತ್ತಿದ್ದುದು ಇದೇ. ಬಾಳೆಗೊನೆ ಕಡಿದ ಕತ್ತಿಯನ್ನು ತೊಳೆಯದೆ ಇಟ್ಟರೆ ಕಪ್ಪಾಗುವುದೂ ಹೀಗೆಯೇ. ಒಗರಿನ ಅಂಶ ಕಬ್ಬಿಣವನ್ನು ಹಿಡಿದುಕೊಂಡು, ಗಾಳಿ ತಾಗಿದ ಮೇಲೆ ಕಪ್ಪಾಗಿ, ಕಾಗದದ ನಾರಿನೊಳಗೆ ಕೂರುತ್ತದೆ. ಬರೆಯುವಾಗ ಕಾಣುವ ನೀಲಿ ಮೇಲಿನ ಬಣ್ಣ ಮಾತ್ರ. ಆಮೇಲೆ ನೀರು ಬಿದ್ದರೆ ಆ ನೀಲಿ ಹೋದೀತು, ಅಡಿಯ ಕಪ್ಪು ಅಂಕಿ ಓದಲು ಉಳಿಯುತ್ತದೆ.

ಇದು ಹುಳಿ ಇಂಕು, ಪೆನ್ನಿನಲ್ಲಿ ಒಣಗಲು ಬಿಡಬಾರದು. ಎರಡು ಮೂರು ವಾರಕ್ಕೊಮ್ಮೆ ನಿಬ್ಬು, ಅದರಡಿಯ ಇಂಕು ಹರಿಸುವ ನಾಲಿಗೆ ಎರಡನ್ನೂ ನೀರು ತಿಳಿಯಾಗುವವರೆಗೆ ತೊಳೆಯಬೇಕು. ನಾಲಿಗೆಯ ಗೀರುಗಳಲ್ಲಿ ಕಪ್ಪು ಕೂತಿದ್ದರೆ 100 ಎಂ.ಎಲ್. ನೀರಿಗೆ ಒಂದು ಚಿಟಿಕೆ ವಿಟಮಿನ್ ಸಿ ಪುಡಿ ಹಾಕಿ ಅದರಲ್ಲಿ ನೆನೆಸಿ, ಆಮೇಲೆ ಬರಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೋಪು, ಅಮೋನಿಯಾ ಮೊದಲಿಗೇ ಬೇಡ. ಕ್ಷಾರ ತಗಲಿದರೆ ಕಬ್ಬಿಣದ ಅಂಶ ಗಸಿಯಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಒಂದು ಇಂಕಿನ ಮೇಲೆ ಇನ್ನೊಂದನ್ನು ತುಂಬಬಾರದು ಎನ್ನುವುದಕ್ಕೂ ಕಾರಣ ಇದೇ: ಹುಳಿ ಇಂಕಿಗೆ ಕ್ಷಾರದ ಇಂಕು ಸೇರಿದರೆ ಮೊಸರು ಒಡೆದಂತೆ ಒಡೆಯುತ್ತದೆ.

ಪ್ಲಾಟಿನಂ ಪಿಗ್ಮೆಂಟ್ ಬ್ಲೂ, ಸೇಲರ್ ಸೇಬೋಕು ಥರದ ಪಿಗ್ಮೆಂಟ್ ಇಂಕುಗಳು (ನೀರಿನಲ್ಲಿ ಕರಗದ ನುಣ್ಣನೆ ಬಣ್ಣದ ಪುಡಿಯವು) ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ದಿನಾ ಬರೆಯುವ ಪೆನ್ನಿಗೆ ಮಾತ್ರ ಅವು. ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿರುವ ಪೆನ್ನಿನಲ್ಲಿ ಒಣಗಿದರೆ ಬಿಡಿಸುವುದು ಕಷ್ಟ.

ಇನ್ನು ಕಾಗದ. ಜುಲೈನಲ್ಲಿ ರಿಜಿಸ್ಟರಿನ ಹಾಳೆ ಮುಟ್ಟಿದರೆ ಹಪ್ಪಳ ಮೆತ್ತಗಾದ ಹಾಗೆ ಇರುತ್ತದೆ. ತೇವ ಕುಡಿದ ಹಾಳೆ ಇಂಕನ್ನೂ ಕುಡಿಯುತ್ತದೆ. ಮೊದಲು ಕೆಡುವುದು ಅಂಕಿಗಳು: 8ರ ಎರಡು ಕಣ್ಣೂ ಮುಚ್ಚುತ್ತವೆ, 6ರ ಹೊಟ್ಟೆ ತುಂಬಿಕೊಳ್ಳುತ್ತದೆ, ಗೆರೆಯ ಅಂಚಿನಿಂದ ಬೇರು ಬಿಟ್ಟಂತೆ ಎಳೆಗಳು ಹೊರಡುತ್ತವೆ. ಧಾರಾಳವಾಗಿ ಹರಿಯುವ ಇಂಕು, ದಪ್ಪ ನಿಬ್ಬು ಸೇರಿದರೆ ಹಿಂದಿನ ಪುಟವೂ ಹೋಯಿತು. ಫೈನ್ ನಿಬ್ಬು, ಬಿಗಿಯಾಗಿ ಹರಿಯುವ ಇಂಕು ಇಟ್ಟುಕೊಳ್ಳಿ. ಪೆಲಿಕನ್ 4001 ಸಾಲಿನವು ಬಿಗಿ; ಅದರಲ್ಲಿ ರಾಯಲ್ ಬ್ಲೂ ಮಾತ್ರ ಚೆಕ್‌ರೋಲಿಗೆ ಬೇಡ.

ಬಾಟಲಿ ಗಟ್ಟಿ ಮಾಡುವ ಮೊದಲು ಅದೇ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ಪರೀಕ್ಷೆ ಮಾಡಿ. 0ಯಿಂದ 9ರವರೆಗೆ ಎರಡು ಸಾಲು ಬರೆದು 10, 20, 30 ಸೆಕೆಂಡಿಗೆ ಬೆರಳಿನಿಂದ ಉಜ್ಜಿ. ಮಾರನೆಯ ದಿನ ಒಂದು ಹನಿ ನೀರು ಬಿಟ್ಟು, 1 ನಿಮಿಷ ಕಾದು, ಹತ್ತಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಇದನ್ನು ಮಳೆಗಾಲದಲ್ಲೇ ಮಾಡಬೇಕು. ಮಾರ್ಚ್‌ನ ಒಣ ಹಾಳೆ ಯಾವ ಇಂಕನ್ನಾದರೂ ಪಾಸು ಮಾಡುತ್ತದೆ. ಬಿಸಿಲಿನ ಪರೀಕ್ಷೆಗೆ ಮಾತ್ರ ಮಾರ್ಚ್ ಬೇಕು: ಬರೆದ ಸಾಲಿನ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, 3 ವಾರ ಕಿಟಕಿಗೆ ಅಂಟಿಸಿಡಿ.

ಚೆಕ್ಕಿಗೆ ವಾಷಬಲ್ ಮುಟ್ಟಲೇಬೇಡಿ. ಮೊತ್ತ ತೊಳೆದು ತಿದ್ದುವ ಅಪಾಯ ಒಂದು. ಚೆಕ್ಕಿನ ಚಿತ್ರವೇ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವುದರಿಂದ ತಿಳಿ ನೀಲಿ ಸರಿಯಾಗಿ ಮೂಡುವುದಿಲ್ಲ ಎನ್ನುವುದು ಇನ್ನೊಂದು. ಗಾಢ ಬ್ಲೂ-ಬ್ಲ್ಯಾಕ್ ಒಳ್ಳೆಯದು.

ಬಾಟಲಿಗೆ ನೇರ ಪೆನ್ನು ಅದ್ದುವ ಅಭ್ಯಾಸ ಮಲೆನಾಡಿನಲ್ಲಿ ಬೂಷ್ಟಿಗೆ ಆಹ್ವಾನ. ಬೇಕಾದಷ್ಟನ್ನು ಸಣ್ಣ ಶೀಶೆಗೆ ಬಗ್ಗಿಸಿಕೊಂಡು ತುಂಬಿ, ಉಳಿದದ್ದನ್ನು ಹಿಂದಕ್ಕೆ ಸುರಿಯಬೇಡಿ. ಇಂಕು ದಪ್ಪವಾಯಿತೆಂದು ನಲ್ಲಿ ನೀರು ಬೆರೆಸಿದರೆ ಬೂಷ್ಟು ತಡೆಯುವ ಅಂಶವೂ ತೆಳುವಾಗುತ್ತದೆ. ಬಿಳಿ ಎಳೆಯೋ ಮುಗ್ಗಲು ವಾಸನೆಯೋ ಕಂಡರೆ ಇಡೀ ಬಾಟಲಿ ಚೆಲ್ಲಿ, ಆ ಇಂಕು ಕುಡಿದ ಪೆನ್ನನ್ನೂ ಬಿಚ್ಚಿ ತೊಳೆಯಿರಿ.

ಮಂಗಳೂರಿಗೆ ಹೋಗಿ ಶಿರಾಡಿ ಘಾಟಿ ಹತ್ತಿ ಬರುವಾಗ ಡ್ರಾಪರ್ ಪೆನ್ನು (ಹೊಟ್ಟೆಗೇ ನೇರ ಇಂಕು ತುಂಬುವಂಥದು) ಕಕ್ಕುವುದು ಇಂಕಿನ ದೋಷವಲ್ಲ. ಸಮುದ್ರದ ಮಟ್ಟದಿಂದ 900 ಮೀಟರ್ ಮೇಲೇರುವಷ್ಟರಲ್ಲಿ ಪೆನ್ನಿನೊಳಗಿನ ಗಾಳಿ ಸುಮಾರು ಹತ್ತನೇ ಒಂದು ಭಾಗ ಹಿಗ್ಗುತ್ತದೆ. ಒಳಗೆ 1.5 ಎಂ.ಎಲ್. ಗಾಳಿ ಇದ್ದರೆ 0.15 ಎಂ.ಎಲ್. ಇಂಕು, ಅಂದರೆ ಮೂರು ಹನಿ, ಹೊರಗೆ ಬರಬೇಕು. ಹೊರಡುವಾಗ ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲೆ ಮಾಡಿ ಜೇಬಿಗಿಡಿ.