ಚಳಿಗಾಲದಲ್ಲಿ ಸಿಟಿ ನೋಡಲು ಹೊರಟಿದ್ದೀರಾ? ಮೊದಲು ಶೂ ತೋರಿಸಿ

ವರ್ಷದ ಕೊನೆ ಹತ್ತಿರ ಬಂದರೆ ಸಾಕು, ಪರಿಚಯದವರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. "ಜನವರಿಯಲ್ಲಿ ಲಂಡನ್‌ಗೆ ಹೊರಟಿದ್ದೀವಿ, ಚಳಿ ಎಷ್ಟಿರುತ್ತೆ?" "ನ್ಯೂಯಾರ್ಕ್‌ನಲ್ಲಿ ಮೈನಸ್ಸಿಗೆ ಇಳಿಯುತ್ತಂತೆ, ಈ ಜಾಕೆಟ್ ಸಾಕಾ?" ಜೊತೆಗೊಂದು ಫೋಟೊ. ಎಲ್ಲರೂ ಕಳಿಸುವುದು ಜಾಕೆಟ್ಟಿನ ಫೋಟೊನೇ. ಶೂ ಫೋಟೊ ಕಳಿಸಿದವರನ್ನು ನಾನಿನ್ನೂ ನೋಡಿಲ್ಲ. ಹಾಗಾಗಿ ನನ್ನ ಮೊದಲ ಮಾತು ಯಾವಾಗಲೂ ಅದೇ: ಜಾಕೆಟ್ ಇರಲಿ, ಕಾಲಿಗೆ ಏನು ಹಾಕಿಕೊಳ್ಳುತ್ತೀರಿ ಹೇಳಿ.

ಬೆಟ್ಟ ಹತ್ತಲು ಹೋದವರು ದಿನವಿಡೀ ಹೊರಗೇ ಇರುತ್ತಾರೆ. ಸಿಟಿ ನೋಡಲು ಹೋದವರು ಹಾಗಲ್ಲ. ಹತ್ತು ನಿಮಿಷ ರಸ್ತೆ, ಅರ್ಧ ಗಂಟೆ ಮೆಟ್ರೊ, ಎರಡು ಗಂಟೆ ಮ್ಯೂಸಿಯಂ, ಮತ್ತೆ ರಸ್ತೆ. ದಿನಕ್ಕೆ ಎಷ್ಟೋ ಸಲ ಚಳಿಗೆ ಹೋಗಿ, ಚಳಿಯಿಂದ ಒಳಗೆ ಬರುತ್ತಿರುತ್ತಾರೆ. ಅಲ್ಲಿ ಕಾಡುವುದು ಒದ್ದೆ ಕಾಲು, ಗಾಳಿ, ಒಳಗೆ ಹೋದ ತಕ್ಷಣ ಬರುವ ಬೆವರು. ಡಿಗ್ರಿ ಎಷ್ಟು ಅನ್ನುವುದು ಆಮೇಲಿನ ಮಾತು.

ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ. ಜನವರಿಯಲ್ಲಿ ಲಂಡನ್ ಹಗಲಿಗೆ ಸುಮಾರು 8 ಡಿಗ್ರಿ, ರಾತ್ರಿ 2-3. ಟೋಕಿಯೊದಲ್ಲಿ ಹಗಲು 10, ರಾತ್ರಿ 1ರ ಆಸುಪಾಸು. ಆದರೆ ಬಿಸಿಲು ಚೆನ್ನಾಗಿರುತ್ತದೆ, ಗಾಳಿ ಒಣ. ನ್ಯೂಯಾರ್ಕ್‌ನಲ್ಲಿ ಹಗಲು 4, ರಾತ್ರಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಹಗಲೇ ಸೊನ್ನೆಯ ಕೆಳಗೆ, ರಾತ್ರಿ ಮೈನಸ್ 10 ದಾಟುತ್ತದೆ. ಭೂಪಟ ನೋಡಿ ಚಳಿ ಅಂದಾಜು ಮಾಡಲು ಹೋಗಬೇಡಿ. ಮಾಂಟ್ರಿಯಲ್‌ಗಿಂತ ಪ್ಯಾರಿಸ್ ಉತ್ತರಕ್ಕಿದೆ, ಆದರೂ ಪ್ಯಾರಿಸ್‌ನ ಚಳಿ ಎಷ್ಟೋ ಮೆದು. ಅಟ್ಲಾಂಟಿಕ್ ಸಮುದ್ರದ ಮೇಲಿಂದ ಬರುವ ಗಾಳಿ ಅದನ್ನು ಕಾಯುತ್ತದೆ. ಮಾಂಟ್ರಿಯಲ್‌ಗೆ ಗಾಳಿ ಬರುವುದು ತಣ್ಣಗಾದ ನೆಲದ ಮೇಲಿಂದ. ಇನ್ನು, ಅಮೆರಿಕದ ಆ್ಯಪ್‌ನಲ್ಲಿ 32 ಅಂತ ನೋಡಿ ಹಿಗ್ಗಬೇಡಿ. ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸೊನ್ನೆ.

ಈ ಅಂಕಿಗಳೆಲ್ಲ ಸರಾಸರಿ. ಸರಾಸರಿ 4 ಅನ್ನುವ ಊರಲ್ಲಿ ಒಂದೇ ವಾರದಲ್ಲಿ 10ನ್ನೂ ನೋಡಬಹುದು, ಮೈನಸ್ 10ನ್ನೂ ನೋಡಬಹುದು. ತಿಂಗಳ ಮುಂಚೆ ಆ್ಯಪ್ ತೋರಿಸುವ ಮುನ್ಸೂಚನೆಗೆ ನಾನು ಬೆಲೆ ಕೊಡುವುದಿಲ್ಲ. ಹೊರಡಲು ನಾಲ್ಕೈದು ದಿನ ಇರುವಾಗ ನೋಡಿ, ಅದು ನಂಬುವಂತಿರುತ್ತದೆ. ಇನ್ನೊಂದು ವಿಷಯ. ಡಿಸೆಂಬರ್‌ನಲ್ಲಿ ಹೋಗಿ ಬಂದವರ ಮಾತು ಕೇಳಿ ಫೆಬ್ರವರಿಗೆ ಪ್ಯಾಕ್ ಮಾಡಬೇಡಿ. ಉತ್ತರದ ಊರುಗಳಲ್ಲಿ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ ಬರುತ್ತದೆ ನಿಜ. ಆದರೆ ನೆಲ, ನೀರು ಇನ್ನೂ ಕೆಲವು ವಾರ ಶಾಖ ಕಳೆದುಕೊಳ್ಳುತ್ತಲೇ ಇರುತ್ತವೆ. ಗಟ್ಟಿ ಚಳಿ ಬರುವುದು ಜನವರಿ, ಫೆಬ್ರವರಿಯಲ್ಲಿ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಮೆಲ್ಬರ್ನ್, ಬ್ಯೂನಸ್ ಐರಿಸ್ ಕಡೆ ಹೋಗುವವರಿಗೆ ಲೆಕ್ಕವೇ ತಿರುಗುಮುರುಗು, ಅಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲ.

ಆ್ಯಪ್‌ನಲ್ಲಿ ತಾಪಮಾನದ ಕೆಳಗೆ "ಫೀಲ್ಸ್ ಲೈಕ್" ಅಂತ ಇನ್ನೊಂದು ಅಂಕಿ ಇರುತ್ತದೆ. ನೋಡಬೇಕಾದ್ದು ಅದನ್ನು. ಚಳಿಗೆ ಗಾಳಿ ಸೇರಿದರೆ ಮೈಗೆ ಎಷ್ಟು ತಾಕುತ್ತದೆ ಅನ್ನುವ ಲೆಕ್ಕ ಅದು. ಇದರ ಶುರು ಅಂಟಾರ್ಕ್ಟಿಕಾದಲ್ಲಿ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ಅಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿಟ್ಟು, ಗಾಳಿಗೆ ಅದು ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆದರು. ಅದನ್ನು 1945ರಲ್ಲಿ ಪ್ರಕಟಿಸಿದರು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಮನುಷ್ಯರ ಮುಖಕ್ಕೆ ಹೊಂದುವ ಹೊಸ ಸೂತ್ರ ತಂದವು. ಅದರ ಪ್ರಕಾರ ಮೈನಸ್ 5 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ ಮೈನಸ್ 13ರಂತೆ ತಾಕುತ್ತದೆ.

ಸಿಟಿಯಲ್ಲಿ ಇದು ಇನ್ನೂ ಜಾಸ್ತಿ. ಎತ್ತರದ ಕಟ್ಟಡಕ್ಕೆ ಬಡಿದ ಗಾಳಿ ಗೋಡೆ ಹಿಡಿದು ಕೆಳಗೆ ಇಳಿಯುತ್ತದೆ, ಮೂಲೆಯಲ್ಲಿ ತಿರುಗಿ ಜೋರಾಗುತ್ತದೆ. ಒಂದು ರಸ್ತೆಯಲ್ಲಿ ಆರಾಮಾಗಿ ನಡೆಯುತ್ತಿದ್ದವರು ತಿರುವು ದಾಟಿದ ಕೂಡಲೇ ಕಣ್ಣಲ್ಲಿ ನೀರು ಸುರಿಸುತ್ತಾರೆ. ಆದ್ದರಿಂದ ಜಾಕೆಟ್ ಎಷ್ಟು ದಪ್ಪ ಅಂತ ಕೇಳಬೇಡಿ, ಗಾಳಿ ತಡೆಯುತ್ತದಾ ಅಂತ ಕೇಳಿ. ಪರೀಕ್ಷೆ ಸುಲಭ. ಬಟ್ಟೆಗೆ ಬಾಯಿ ಒತ್ತಿ ಜೋರಾಗಿ ಊದಿ, ಆ ಕಡೆ ಅಂಗೈ ಹಿಡಿಯಿರಿ. ಉಸಿರು ಅಂಗೈಗೆ ತಾಕಿತು ಅಂದರೆ ಗಾಳಿಯೂ ನುಗ್ಗುತ್ತದೆ. ಉದ್ದ ತೊಡೆಯವರೆಗೆ ಇರಲಿ, ಹುಡ್ ಇರಲಿ. ಛತ್ರಿ ನೆಚ್ಚಿಕೊಳ್ಳಬೇಡಿ, ಅಂಥ ಮೂಲೆಯಲ್ಲಿ ಅದು ಮೊದಲ ಬೀಸಿಗೇ ಮಗುಚಿಕೊಳ್ಳುತ್ತದೆ.

ಈಗ ಕಾಲಿನ ಮಾತು. ಒಣಗಿದ ಮೈನಸ್ 8ಕ್ಕಿಂತ ಒದ್ದೆಯ 2 ಡಿಗ್ರಿ ಕೆಟ್ಟದ್ದು. ಮೈನಸ್ 8ರಲ್ಲಿ ಹಿಮ ಪುಡಿಪುಡಿಯಾಗಿರುತ್ತದೆ, ಕೊಡವಿದರೆ ಉದುರುತ್ತದೆ. 2 ಡಿಗ್ರಿಯಲ್ಲಿ ಅದು ಕರಗಿ, ರಸ್ತೆಗೆ ಹಾಕಿದ ಉಪ್ಪು ಮತ್ತು ಕೊಳೆಯ ಜೊತೆ ಬೆರೆತು ಬೂದುಬಣ್ಣದ ರಾಡಿಯಾಗುತ್ತದೆ. ರಸ್ತೆ ದಾಟುವ ಕಡೆ ಫುಟ್‌ಪಾತ್ ಇಳಿಯುತ್ತದಲ್ಲ, ಸರಿಯಾಗಿ ಅಲ್ಲೇ ಅದು ನಿಲ್ಲುತ್ತದೆ. ಮೇಲಿಂದ ನೋಡಿದರೆ ಗಟ್ಟಿ ನೆಲದ ಹಾಗೇ ಕಾಣುತ್ತದೆ. ಕಾಲಿಟ್ಟರೆ ಹರಡಿನವರೆಗೆ ಮುಳುಗುತ್ತದೆ. ಮಂಜುಗಡ್ಡೆಯಷ್ಟು ತಣ್ಣನೆಯ ನೀರು ಶೂ ಒಳಗೆ ಹೋಯಿತು ಅಂದರೆ ಅವತ್ತಿನ ತಿರುಗಾಟ ಮುಗಿಯಿತು. ಮೈಮೇಲೆ ಎಂಥ ಜಾಕೆಟ್ ಇದ್ದರೂ ಅಷ್ಟೇ.

ಬಲೆಬಲೆಯ ಬಟ್ಟೆ ಇರುವ ರನ್ನಿಂಗ್ ಶೂ ಇಂಥ ಕಡೆ ಬೇಡವೇ ಬೇಡ. ನೀರು ಇಳಿಯದ, ಹರಡು ಮುಚ್ಚುವ, ಅಡಿಯಲ್ಲಿ ಆಳವಾದ ಗೀರುಗಳಿರುವ ಶೂ ಬೇಕು. ಸ್ವಲ್ಪ ಸಡಿಲವೇ ಇರಲಿ. ಚಳಿ ಅಂತ ಎರಡೆರಡು ಕಾಲುಚೀಲ ತುರುಕಿ ಬಿಗಿ ಮಾಡಿಕೊಂಡರೆ ರಕ್ತ ಓಡಾಡುವುದಿಲ್ಲ, ಬೆರಳು ಇನ್ನೂ ಮರಗಟ್ಟುತ್ತವೆ. ಒಂದೇ ಒಂದು ಉಣ್ಣೆಯ ಕಾಲುಚೀಲ, ಬೆರಳು ಆಡಿಸಲು ಜಾಗ, ಅಷ್ಟು ಸಾಕು. ಸಂಜೆ ರೂಮಿಗೆ ಬಂದ ಮೇಲೆ ಶೂ ಮೇಲಿನ ಬಿಳಿ ಉಪ್ಪಿನ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಹಾಗೇ ಬಿಟ್ಟರೆ ಚರ್ಮ ಬಿರಿಯುತ್ತದೆ.

ಹಿಮ ಬೀಳುವ ದಿನಕ್ಕೆ ಎಲ್ಲರೂ ಹೆದರುತ್ತಾರೆ. ನನಗೆ ಅದರ ಮರುದಿನ ಬೆಳಗಿನ ಭಯ. ಮೋಡ ಇದ್ದಾಗ ನೆಲದ ಶಾಖ ಅಷ್ಟು ಬೇಗ ಹೋಗುವುದಿಲ್ಲ. ಆಕಾಶ ತಿಳಿಯಾದ ರಾತ್ರಿಯೇ ಚಳಿ ಇಳಿಯುವುದು. ಹಿಂದಿನ ದಿನ ಕರಗಿದ ನೀರು ಬೆಳಗಿನ ಹೊತ್ತಿಗೆ ತೆಳ್ಳನೆ ಗಾಜಿನ ಹಾಗೆ ಫುಟ್‌ಪಾತಿಗೆ ಅಂಟಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಂಥ ಬೆಳಿಗ್ಗೆ ಸಣ್ಣ ಹೆಜ್ಜೆ ಇಡಿ, ಕೈಗಳನ್ನು ಜೇಬಿನಿಂದ ಹೊರಗಿಡಿ. ವಯಸ್ಸಾದವರು ಜೊತೆಯಲ್ಲಿದ್ದರೆ ಹತ್ತು ಗಂಟೆಯವರೆಗೆ ತಿಂಡಿ ತಿನ್ನುತ್ತಾ ಕೂರುವುದೇ ಒಳ್ಳೆಯದು.

ಇನ್ನು ಒಳಗಿನ ಕಥೆ. ಹೀಟಿಂಗ್ ಇರುವ ಊರುಗಳಲ್ಲಿ ಅಂಗಡಿ, ರೈಲು, ಮ್ಯೂಸಿಯಂ ಎಲ್ಲ 20-22 ಡಿಗ್ರಿ ಇರುತ್ತವೆ. ದಪ್ಪ ಜಾಕೆಟ್ಟಿನೊಳಗೆ ಹತ್ತೇ ನಿಮಿಷಕ್ಕೆ ಬೆವರು ಶುರು. ಒಳಗೆ ಹತ್ತಿ ಬನಿಯನ್ ಇದ್ದರೆ ಅದು ಬೆವರು ಕುಡಿದು ಒದ್ದೆಯಾಗಿ ಕೂರುತ್ತದೆ. ಹೊರಗೆ ಬಂದಾಗ ಬೆನ್ನ ಮೇಲೆ ತಣ್ಣೀರು ಸುರಿದ ಹಾಗೆ. ಅದಕ್ಕೇ ಒಂದೇ ದಪ್ಪ ಬಟ್ಟೆಗಿಂತ ಮೂರು ತೆಳು ಪದರ ಮೇಲು. ಮೈಗೆ ಅಂಟಿ ಉಣ್ಣೆಯದೋ ಪಾಲಿಸ್ಟರಿನದೋ ತೆಳು ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಮಧ್ಯದ್ದಕ್ಕೆ ಮುಂದೆ ಜಿಪ್ ಇರಲಿ. ಜನರ ಮಧ್ಯೆ ತಲೆ ಮೇಲಿಂದ ಸ್ವೆಟರ್ ಎಳೆಯುವುದು, ಕನ್ನಡಕ ಬೀಳುವುದು, ಯಾಕೆ ಬೇಕು ಆ ಗೋಳು? ಪ್ಯಾಂಟಿನೊಳಗಿನ ಥರ್ಮಲ್ ಬಗ್ಗೆ ನನ್ನದೊಂದು ಹಟ ಇದೆ. ಸೊನ್ನೆಗಿಂತ ಕೆಳಗಿದ್ದರೆ ಮಾತ್ರ ಹಾಕಿ. ಮೇಲಿನ ಬಟ್ಟೆಯನ್ನಾದರೂ ಬಿಚ್ಚಿ ಕೈಯಲ್ಲಿ ಹಿಡಿಯಬಹುದು, ಅದನ್ನು ಮ್ಯೂಸಿಯಂ ಮಧ್ಯೆ ಬಿಚ್ಚಲು ಆಗುತ್ತದಾ?

ಒಳಗಿನ ಗಾಳಿ ಒಣಗಿರುವುದೂ ಗೊತ್ತಿರಲಿ. ಸೊನ್ನೆ ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 5 ಗ್ರಾಂ ನೀರಾವಿ ಹಿಡಿದೀತು. ಅದೇ ಗಾಳಿಯನ್ನು 21 ಡಿಗ್ರಿಗೆ ಕಾಯಿಸಿದರೆ 18 ಗ್ರಾಂ ಹಿಡಿಯುವಷ್ಟು ಹಸಿವು ಅದಕ್ಕೆ. ಉಳಿದದ್ದನ್ನು ನಿಮ್ಮ ತುಟಿ, ಮೂಗು, ಹಿಮ್ಮಡಿಯಿಂದ ಎಳೆದುಕೊಳ್ಳುತ್ತದೆ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಿರಿ, ತುಟಿಗೆ ಹಚ್ಚುವುದು ಜೇಬಿನಲ್ಲೇ ಇರಲಿ, ಸ್ನಾನ ಆದ ಕೂಡಲೇ ಮೈ ಪೂರ್ತಿ ಆರುವ ಮುಂಚೆ ಕ್ರೀಮ್ ಸವರಿ.

ಹೀಟಿಂಗ್ ಇಲ್ಲದ ಊರಿನ ಲೆಕ್ಕ ಪೂರಾ ಬೇರೆ. ಚೀನಾದಲ್ಲಿ ಚಿನ್‌ಲಿಂಗ್ ಬೆಟ್ಟಸಾಲು ಮತ್ತು ಹುವಾಯ್ ನದಿ ಸೇರಿ ಒಂದು ಗೆರೆ ಇದೆ. ಅದರ ಉತ್ತರಕ್ಕೆ ಸರ್ಕಾರಿ ವ್ಯವಸ್ಥೆಯಿಂದ ಮನೆಮನೆಗೆ ಶಾಖ ಬರುತ್ತದೆ, ದಕ್ಷಿಣಕ್ಕೆ ಬರುವುದಿಲ್ಲ. ಹಾಗಾಗಿ ಹೊರಗೆ ಬೀಜಿಂಗ್ ಚಳಿ ಜಾಸ್ತಿ, ಒಳಗೆ ಶಾಂಘೈ ಚಳಿ ಜಾಸ್ತಿ. ದೆಹಲಿಯೂ ಇದೇ ಜಾತಿಯದು. ಜನವರಿಯಲ್ಲಿ ಹಗಲು 20 ಡಿಗ್ರಿ, ರಾತ್ರಿ 7 ಅನ್ನುವುದನ್ನು ಓದಿ ನಕ್ಕು ಬಿಡುತ್ತಾರೆ. ಆದರೆ ಮಧ್ಯಾಹ್ನ ಬಿಸಿಲಲ್ಲಿ ಹಾಯಾಗಿದ್ದು ರೂಮಿಗೆ ಬಂದರೆ ಗೋಡೆ, ನೆಲ, ಹಾಸಿಗೆ ಎಲ್ಲ ತಣ್ಣಗೆ. ಮಂಜು ಕವಿದು ಬಿಸಿಲೇ ಬಾರದ ದಿನ ಅದೂ ಇಲ್ಲ. ಇಂಥ ಊರಿಗೆ ಮಲಗುವಾಗ ಹಾಕುವ ಬೆಚ್ಚನೆ ಬಟ್ಟೆ, ಕಾಲುಚೀಲ, ಒಳಗೆ ಓಡಾಡಲು ಚಪ್ಪಲಿ ಇಟ್ಟುಕೊಳ್ಳಿ. ದೆಹಲಿಯ ಮಂಜಿಗೆ ವಿಮಾನ, ರೈಲು ತಡವಾಗುವುದು ಮಾಮೂಲು. ಒಂದರ ಬೆನ್ನಿಗೊಂದು ಟಿಕೆಟ್ ಮಾಡಿಸಬೇಡಿ.

ಹಗಲು ಎಷ್ಟು ಹೊತ್ತು ಅನ್ನುವುದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಡಿಸೆಂಬರ್ ಕೊನೆಗೆ ಲಂಡನ್‌ನಲ್ಲಿ ಸೂರ್ಯ ನಾಲ್ಕು ಗಂಟೆಯೊಳಗೆ ಮುಳುಗುತ್ತಾನೆ. ಸ್ಟಾಕ್‌ಹೋಮ್‌ನಲ್ಲಿ ಹಗಲೇ ಸುಮಾರು 6 ಗಂಟೆ. ಹೊರಗಿನದ್ದನ್ನೆಲ್ಲ ಹತ್ತರಿಂದ ಎರಡರೊಳಗೆ ನೋಡಿ, ಮ್ಯೂಸಿಯಂ ಕತ್ತಲಾದ ಮೇಲಕ್ಕಿರಲಿ.

ಚಿಲ್ಲರೆ ವಿಷಯಗಳು. ಮೈ ಶಾಖದ ಅರ್ಧ ತಲೆಯಿಂದಲೇ ಹೋಗುತ್ತದೆ ಅನ್ನುವುದು ಸುಳ್ಳು. ಮೈಯ ಹತ್ತರಲ್ಲಿ ಒಂದು ಪಾಲು ತಲೆ, ಹೋಗುವುದೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಕಿವಿ ನೋಯುತ್ತದೆ, ಅದಕ್ಕೆ ಕಿವಿ ಮುಚ್ಚುವ ಟೊಪ್ಪಿ ಬೇಕು. ಕುತ್ತಿಗೆಗೊಂದು ಮಫ್ಲರ್. ಬೆರಳೆಲ್ಲ ಒಟ್ಟಿಗೆ ಇರುವ ಕೈಗವಸು ಬೇರೆ ಬೇರೆ ಬೆರಳಿನದ್ದಕ್ಕಿಂತ ಬೆಚ್ಚಗೆ. ಎರಡು ಜೊತೆ ಒಯ್ಯಿರಿ, ಒಂದು ಹೇಗೂ ಎಲ್ಲೋ ಬೀಳುತ್ತದೆ. ಚಳಿಗೆ ಫೋನ್ ಬ್ಯಾಟರಿ ಬೇಗ ಕುಸಿಯುತ್ತದೆ, ಒಳಜೇಬಿನಲ್ಲಿಡಿ. ತಳ್ಳುಗಾಡಿಯಲ್ಲಿ ಮಗು ಇದ್ದರೆ ಅದಕ್ಕೆ ನಿಮಗಿಂತ ಒಂದು ಪದರ ಹೆಚ್ಚು ಹಾಕಿ. ನೀವು ನಡೆದು ಬೆಚ್ಚಗಾಗುತ್ತೀರಿ, ಅದು ಸುಮ್ನೆ ಕೂತಿರುತ್ತದೆ.

"ಎಲ್ಲಾ ಅಲ್ಲೇ ಹೋಗಿ ತಗೊಂಡ್ರೆ ಆಗಲ್ವಾ?" ಅಂತ ಕೊನೆಗೆ ಕೇಳೇ ಕೇಳುತ್ತಾರೆ. ಟೊಪ್ಪಿ, ಕೈಗವಸು, ಸ್ವೆಟರ್ ಆಗುತ್ತದೆ. ಜಾಕೆಟ್ಟನ್ನು ಯಾರ ಹತ್ತಿರವಾದರೂ ಎರವಲು ತಗೊಂಡರೂ ನಡೆಯುತ್ತದೆ. ಶೂ ಮಾತ್ರ ನಿಮ್ಮದೇ ಆಗಿರಬೇಕು, ಹೊರಡುವ ಎರಡು ವಾರ ಮುಂಚೆಯಿಂದ ಹಾಕಿ ನಡೆದಿರಬೇಕು. ಹೊಸ ಶೂನಲ್ಲಿ ದಿನವಿಡೀ ನಡೆದರೆ ಮೊದಲ ಸಂಜೆಗೇ ಗುಳ್ಳೆ. ಪ್ರಯಾಣದ ದಿನ ಅದನ್ನೇ ಹಾಕಿಕೊಳ್ಳಿ, ಸೂಟ್‌ಕೇಸಿನಲ್ಲಿ ಜಾಗವೂ ಉಳಿಯುತ್ತದೆ. ಜಾಕೆಟ್, ಟೊಪ್ಪಿ, ಕೈಗವಸು ಕೈಚೀಲದಲ್ಲಿರಲಿ. ಸೂಟ್‌ಕೇಸ್ ಒಂದು ದಿನ ತಡವಾಗಿ ಬಂದರೂ ಏರ್‌ಪೋರ್ಟಿನಿಂದ ಹೋಟೆಲ್‌ವರೆಗೆ ನಡುಗದೆ ಹೋಗಬೇಕಲ್ಲ.