ನಡುವೆ ಬಿಟ್ಟುಹೋಗುವ ಎರಡು ಪಟ್ಟಿ

ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯಲ್ಲಿ ನಮ್ಮದೊಂದು ಟೈಲ್ಸ್ ಅಂಗಡಿ. ಯಜಮಾನರು ಗೋದಾಮು ನೋಡಿಕೊಂಡರೆ ಬಿಲ್ಲು, ಲೆಕ್ಕ ನನ್ನ ಪಾಲು. ಬಿ.ಎಸ್ಸಿ.ಯಲ್ಲಿ ಓದಿದ ಗಣಿತ ಅಲ್ಲಿ ಖರ್ಚಾಗಿ ಮಿಕ್ಕಿದ್ದು, ಸಂಜೆ ಪಾಠಕ್ಕೆ ಬರುವ ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ. ಅವರೆಲ್ಲರಿಗೂ (ಎ + ಬಿ)² = ಎ² + 2ಎಬಿ + ಬಿ² ಎಂಬ ಸೂತ್ರ ಬಾಯಿಪಾಠ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸುವುದಿಲ್ಲ. (ಎ + 3)² ವಿಸ್ತರಿಸಿ ಎಂದು ಕೊಟ್ಟು ನೋಡಿ: ನಡುವಿನ 6ಎ ಬಿಟ್ಟು, ಎ² + 9 ಎಂದು ಬರೆದು ನೆಮ್ಮದಿಯಿಂದ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ.

ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಸೂತ್ರವನ್ನು ಮೊದಲು ಉರುಹೊಡೆಸಿ, ಸಮಯ ಉಳಿದರೆ ಮಾತ್ರ ಚಿತ್ರ ತೋರಿಸುವ ಪದ್ಧತಿಯ ಮೇಲಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಯೂಕ್ಲಿಡ್ ‘ಎಲಿಮೆಂಟ್ಸ್’ನ ಎರಡನೆಯ ಭಾಗದ ನಾಲ್ಕನೆಯ ಪ್ರಮೇಯದಲ್ಲಿ ಇದನ್ನೇ ಚೌಕವೊಂದನ್ನು ನಾಲ್ಕು ತುಂಡು ಮಾಡಿ ತೋರಿಸಿದ್ದಾನೆ. ನನಗೆ ಚೌಕ ಹುಡುಕಿಕೊಂಡು ಹೋಗಬೇಕಿಲ್ಲ, ಅಂಗಡಿಯ ತುಂಬ ಅವೇ.

ಎರಡಡಿ ಚೌಕದ ಟೈಲ್ಸ್ ತೆಗೆದುಕೊಳ್ಳಿ. ಹತ್ತಡಿಗೆ ಹತ್ತಡಿ ಕೋಣೆಗೆ ಸಾಲಿಗೆ ಐದರಂತೆ 25 ಬೇಕು. ನಿಟ್ಟುವಳ್ಳಿ ಕಡೆ ಮನೆ ಕಟ್ಟಿಸುವವರೊಬ್ಬರು ಆ ಕೋಣೆಯ ಉದ್ದವನ್ನೂ ಅಗಲವನ್ನೂ ಎರಡೆರಡು ಅಡಿ ಹೆಚ್ಚಿಸಿದರು ಎನ್ನಿ. ಇನ್ನೊಂದೇ ಟೈಲ್ಸ್ ಸಾಕು ಎಂದು ಯಾವ ಮೇಸ್ತ್ರಿಯಾದರೂ ಹೇಳುತ್ತಾನೆಯೇ? ಒಂದು ಬದಿಗೆ ಐದು, ಇನ್ನೊಂದು ಬದಿಗೆ ಐದು, ಮೂಲೆಗೆ ಒಂದು, ಒಟ್ಟು 36. ಎ² + 9 ಎಂದು ಬರೆದ ಹುಡುಗ ಮೂಲೆಯನ್ನು ಮಾತ್ರ ತುಂಬಿಸಿ ಎರಡು ಪಟ್ಟಿ ನೆಲವನ್ನು ಹಾಗೆಯೇ ಬಿಟ್ಟಿದ್ದಾನೆ. (ಪೆಟ್ಟಿಗೆಗೆ ನಾಲ್ಕರಂತೆ ಬರುವುದರಿಂದ ಆ ಹನ್ನೊಂದಕ್ಕೆ ಮೂರು ಪೆಟ್ಟಿಗೆ ಒಯ್ಯಬೇಕು. ಮಿಕ್ಕ ಒಂದನ್ನು ನಾವು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ; ಅದು ಬೇರೆಯೇ ಜಗಳ.)

ಕಳೆಯುವ ಸೂತ್ರ ಇನ್ನೂ ಸ್ವಾರಸ್ಯದ್ದು. (ಎ − ಬಿ)² ಕಡಿಮೆಯಾಗುವ ಲೆಕ್ಕವಾದರೆ ಕೊನೆಯಲ್ಲಿ ಬಿ² ಕೂಡುವುದೇಕೆ ಎಂದು ಕೆ.ಟಿ.ಜೆ. ನಗರದಿಂದ ಬರುವ ಹುಡುಗಿ ಕೇಳಿದಳು. ಇಂಥ ಪ್ರಶ್ನೆ ಕೇಳುವವರು ಅಪರೂಪ. 36 ಟೈಲ್ಸ್ ಹಾಸಿದ ನೆಲದಿಂದ ಒಂದು ಅಡ್ಡಸಾಲು, ಒಂದು ಉದ್ದಸಾಲು ಕೀಳಬೇಕು. ಆರು ಮತ್ತು ಆರು ಹನ್ನೆರಡು ಎಂದು ಕಳೆದರೆ 24 ಉಳಿಯಬೇಕು. ಎಣಿಸಿದರೆ 25 ಇವೆ. ಎರಡು ಸಾಲುಗಳೂ ಸೇರುವ ಮೂಲೆಯ ಟೈಲ್ಸನ್ನು ಕಾಗದದ ಮೇಲೆ ಎರಡು ಸಲ ಕಿತ್ತಾಗಿದೆ. “ಹಾಗಾದರೆ ಒಂದನ್ನು ವಾಪಸ್ ಇಡಬೇಕು, ಆಂಟಿ” ಎಂದು ಅವಳೇ 36 − 12 + 1 ಎಂದು ಬರೆದಳು.

ಸುಲಭೀಕರಣಕ್ಕೆ ನಾನು ತಪ್ಪದೆ ಕೊಡುವ ಲೆಕ್ಕ (ಎ + 3)² − (ಎ − 3)². ನಡುವಿನ ಪದಗಳನ್ನು ನುಂಗಿದವರಿಗೆ ಸೊನ್ನೆ ಬರುತ್ತದೆ. ಎರಡನೆಯ ವರ್ಗವನ್ನು ಎ² − 9 ಎಂದುಕೊಂಡವರಿಗೆ 18. ಎರಡನ್ನೂ ಸರಿಯಾಗಿ ವಿಸ್ತರಿಸಿ, ಆವರಣದ ಹಿಂದಿನ ಋಣ ಚಿಹ್ನೆಯನ್ನು ಮೊದಲ ಪದಕ್ಕೆ ಮಾತ್ರ ಹಚ್ಚಿದವರಿಗೂ 18! ಬೇರೆ ಬೇರೆ ತಪ್ಪು, ಉತ್ತರ ಒಂದೇ. ಆದ್ದರಿಂದ ಉತ್ತರದ ಮೇಲೆ ಕೆಂಪು ಗೀಟು ಎಳೆದು ಪುಸ್ತಕ ಮುಚ್ಚುವ ತಿದ್ದುವಿಕೆಯನ್ನು ನಾನು ಒಪ್ಪುವುದಿಲ್ಲ, ಹಂತಗಳನ್ನು ಓದಬೇಕು. ಸರಿಯುತ್ತರ 12ಎ.

ತಾಳೆ ನೋಡಿ ಎಂದರೆ ಮಕ್ಕಳು ಎ ಇರುವಲ್ಲಿ ಸೊನ್ನೆ ಹಾಕುತ್ತಾರೆ, ಶ್ರಮ ಕಡಿಮೆಯಲ್ಲವೇ! ಆದರೆ ಎ ಸೊನ್ನೆಯಾದರೆ 6ಎ ಕೂಡ ಸೊನ್ನೆ. ಅದನ್ನು ಬಿಟ್ಟವನ ತಪ್ಪೂ ಸರಿಯಾಗಿಯೇ ಕಾಣುತ್ತದೆ. 25 ಹಾಕಿಸಿ. 28² ಎಂದರೆ 900 − 120 + 4, ಅಂದರೆ 784. 22² ಎಂದರೆ 400 + 80 + 4, ಅಂದರೆ 484. ವ್ಯತ್ಯಾಸ 300, ಅದೇ 12 × 25. ಹೀಗೆ ಸಂಖ್ಯೆಯನ್ನು ಒಡೆದು ವರ್ಗ ಮಾಡುವ ದಾರಿಯನ್ನು ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ಹೇಳಿದ್ದಾರೆ: ತುಂಡುಗಳ ಗುಣಲಬ್ಧದ ಎರಡರಷ್ಟಕ್ಕೆ ತುಂಡುಗಳ ವರ್ಗಗಳನ್ನು ಕೂಡಬೇಕು. ನಮ್ಮ ಮಕ್ಕಳು ಮರೆಯುವ ಪದವೇ ಅಲ್ಲಿ ಮೊದಲು ಬರುತ್ತದೆ. ನನಗಂತೂ ಈ ಕ್ರಮವೇ ಇಷ್ಟ.

ಈ ವಾರ (2ಎ + 3)² ಕೊಟ್ಟಿದ್ದೇನೆ. 2ಎ² + 12ಎ + 9 ಎಂದು ಬರೆದು ತಂದವರಿಗೆ ಎ ಬದಲು 1 ಹಾಕಲು ಹೇಳುತ್ತೇನೆ. ಒಂದು ಕಡೆ 25 ಬರುತ್ತದೆ, ಇನ್ನೊಂದು ಕಡೆ 23. ಆ ಎರಡು ಎಲ್ಲಿ ತಪ್ಪಿಸಿಕೊಂಡಿತು ಎಂದು ಅವರೇ ಹುಡುಕಲಿ.