ಬಳೆ ಚೂರಿನೊಳಗಿನ ಗುಳ್ಳೆ

ಕಳೆದ ಆಷಾಢದಲ್ಲಿ ನನ್ನ ಲ್ಯಾಬಿನ ಕಂಡೆನ್ಸರಿನ, ಅಂದರೆ ಆವಿಯನ್ನು ತಣಿಸುವ ಗಾಜಿನ ಕೊಳವೆಯ, ಮೂಗು ಮುರಿಯಿತು. ರಬ್ಬರ್ ಪೈಪನ್ನು ಜೋರಾಗಿ ಎಳೆದವಳು ನಾನೇ, ಬೇರೆಯವರ ತಲೆಗೆ ಕಟ್ಟೋಕೆ ಆಗಲ್ಲ. ಅದನ್ನು ಹಳೇ ಟವೆಲ್‌ನಲ್ಲಿ ಸುತ್ತಿಕೊಂಡು ಗಾಜು ಊದುವವರ ಕೋಣೆಗೆ ಹೊರಟೆ. ಅವರನ್ನು ನಾವೆಲ್ಲ ಅಣ್ಣ ಅಂತ ಕರೆಯುತ್ತೇವೆ. ಅವತ್ತು ಊರಿಂದ ಬಂದಿದ್ದ ಗೆಳತಿಯೂ ಜೊತೆಗಿದ್ದಳು. ಅವಳು ಪುರಾತತ್ವದವಳು, ಹಳೇ ಗಾಜಿನ ಮಣಿಗಳ ಮೇಲೆ ಕೆಲಸ ಮಾಡುತ್ತಾಳೆ. ಹೊರಗೆ ಮಳೆ, ಒಬ್ಬಳೇ ಕೂತು ಏನು ಮಾಡುತ್ತಾಳೆ, ಸುಮ್ನೆ ಬಾ ಅಂದೆ.

ಅಣ್ಣ ನೇರಳೆ ಬಣ್ಣದ ಕನ್ನಡಕ ಹಾಕಿಕೊಂಡು ಜ್ವಾಲೆಯ ಮುಂದೆ ಕೂತಿದ್ದರು. ಆ ಕನ್ನಡಕ ಯಾಕೆ ಅಂತ ಗೆಳತಿ ಕೇಳಿದಳು. ಅವರು ತೆಗೆದು ಅವಳಿಗೇ ಕೊಟ್ಟರು. ಗಾಜು ಕಾದಾಗ ಅದರಲ್ಲಿರುವ ಸೋಡಿಯಂ ಕಣ್ಣು ಕುಕ್ಕುವ ಹಳದಿ ಬೆಳಕು ಕೊಡುತ್ತದೆ. ಕನ್ನಡಕ ಆ ಹಳದಿಯನ್ನಷ್ಟೇ ನುಂಗುತ್ತದೆ. ಜ್ವಾಲೆಯ ಹಿಂದೆ ಗಾಜು ಬೆಣ್ಣೆ ಥರ ಬಾಗುವುದು ಆಗ ಕಾಣುತ್ತದೆ.

"ನಮ್ಮ ಮಣಿಯಲ್ಲೂ ಸೋಡಿಯಂ ಜಾಸ್ತಿ," ಅಂದಳು. ದಕ್ಷಿಣ ಭಾರತದ ಹಳೇ ಮಣಿಗಳಲ್ಲಿ ಸೋಡಾ ಜೊತೆ ಅಲ್ಯೂಮಿನವೂ (ಅಲ್ಯೂಮಿನಿಯಂ ಆಕ್ಸೈಡ್) ಹೆಚ್ಚಿರುತ್ತದಂತೆ. ನೆಲದ ಮೇಲೆ ಬಿಳಿಯಾಗಿ ಉಕ್ಕುವ ಚೌಳನ್ನು ಮರಳಿನ ಜೊತೆ ಕರಗಿಸಿದರೆ ಅಂಥ ಗಾಜು ಬರುತ್ತದೆ. ನಮ್ಮಜ್ಜಿ ಬಟ್ಟೆ ಒಗೆಯುತ್ತಿದ್ದ ಚೌಳು ಮಣ್ಣು! ಇಷ್ಟು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಅದು ಹೊಳೆದಿರಲೇ ಇಲ್ಲ.

ಅವಳ ಮಣಿಗಳು ಪುದುಚೇರಿ ಪಕ್ಕದ ಅರಿಕಮೇಡಿನಲ್ಲಿ ಸಿಕ್ಕಂಥವು. ಮಣಿಗಳ ಸಂಶೋಧಕ ಪೀಟರ್ ಫ್ರಾನ್ಸಿಸ್ ಅವುಗಳಿಗೆ ಇಂಡೋ-ಪೆಸಿಫಿಕ್ ಮಣಿ ಅಂತ ಹೆಸರಿಟ್ಟರು. ಕಡಲು ದಾಟಿ ಆಫ್ರಿಕಾ, ಆಗ್ನೇಯ ಏಷ್ಯಾವರೆಗೂ ಹೋದ ಸಾಸಿವೆಕಾಳಿನಂಥ ಮಣಿಗಳು. ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜಿನ ಉಂಡೆ ಮೆತ್ತಿ, ಉದ್ದಕ್ಕೆ ನಾಳ ಎಳೆದು, ಕತ್ತರಿಸಿ ಮಾಡುತ್ತಿದ್ದರು. ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಆ ಕಸುಬು ಉಳಿದುಬಂದಿದೆ. ಮಣಿ ಎಳೆದದ್ದೋ ಸುತ್ತಿದ್ದೋ ಅಂತ ಅವಳು ಒಳಗಿನ ಗುಳ್ಳೆ ನೋಡಿ ಹೇಳುತ್ತಾಳೆ. ಆದರೆ ಗುಳ್ಳೆ ಹಾಗಾಗುವುದನ್ನು ಕಣ್ಣಾರೆ ಕಂಡಿರಲಿಲ್ಲ.

"ಅಷ್ಟೇನಾ?" ಅಂದರು ಅಣ್ಣ. ನನ್ನ ಕೈಯ ಹಸಿರು ಬಳೆ ಒಂದನ್ನು ಬಿಚ್ಚಿಸಿ ಮುರಿದರು. ಹಿಡಿಯೋಕೆ ಕಡ್ಡಿ ಬೇಕಿತ್ತು. ಪಕ್ಕದಲ್ಲಿದ್ದ ಲ್ಯಾಬ್ ಗಾಜಿನ ಕಡ್ಡಿಗೇ ಬೆಸೆಯಿರಿ ಅಂದೆ. ಅವರು ನನ್ನ ಮುಖ ನೋಡಿದರು. ಏನೂ ಅನ್ನದೆ ಬೆಸೆದರು. ಚೆನ್ನಾಗಿಯೇ ಅಂಟಿತು.

ಕರಗಿದ ಬಳೆಯನ್ನು ಮಡಚಿ ಒಳಗೆ ಒಂದಿಷ್ಟು ಗಾಳಿ ಸಿಕ್ಕಿಸಿದರು. ಸಾಸಿವೆಯಷ್ಟು ದುಂಡನೆ ಗುಳ್ಳೆ. ಇಕ್ಕಳದಲ್ಲಿ ಹಿಡಿದು ಎಳೆದರು. ಗುಳ್ಳೆ ಮೊದಲು ಅಕ್ಕಿಕಾಳಾಯಿತು, ಆಮೇಲೆ ಸೂಜಿ. ಇನ್ನೊಂದು ಚೂರನ್ನು ಮೊಳೆಗೆ ಸುತ್ತಿದರು. ಅಲ್ಲಿ ಗುಳ್ಳೆಗಳು ಮೊಳೆಯ ಸುತ್ತ ಬಳಸಿಕೊಂಡವು. ಗೆಳತಿ ಭೂತಗನ್ನಡಿ ತೆಗೆದು ಬಗ್ಗಿದವಳು ಮೇಲೇಳಲೇ ಇಲ್ಲ.

ಅಷ್ಟರಲ್ಲಿ ಅಣ್ಣ ಬೆಸುಗೆಯನ್ನು ಬೆಳಕನ್ನು ಸೋಸುವ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿದು ನನ್ನನ್ನು ಕರೆದರು. ಕತ್ತಲೆ ಹಿನ್ನೆಲೆಯಲ್ಲಿ ಬೆಸುಗೆ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಗಾಜು ಒಳಗೊಳಗೇ ಎಳೆದಾಡುತ್ತಿರುವ ಗುರುತು. "ಕಾಯಿರಿ ಮೇಡಂ." ಕಾದೆವು. ಟಿಕ್. ಬಳೆ ಗಾಜು ಕಳಚಿ ಮೇಜಿನ ಮೇಲೆ ಬಿತ್ತು.

ಬಿಸಿಗೆ ಹಿಗ್ಗುವುದರಲ್ಲಿ ಬಳೆ ಗಾಜು ಲ್ಯಾಬ್ ಗಾಜಾದ ಬೋರೋಸಿಲಿಕೇಟಿಗಿಂತ ಸುಮಾರು ಮೂರು ಪಟ್ಟು ಮುಂದೆ. ತಣ್ಣಗಾಗುವಾಗ ಕುಗ್ಗುವುದೂ ಅಷ್ಟೇ ಪಟ್ಟು. ಈ ಅಂಕಿಯನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನು. ಅಣ್ಣನಿಗೆ ಅಂಕಿ ಬೇಕಿಲ್ಲ. "ಇವೆರಡಕ್ಕೂ ಆಗಿಬರಲ್ಲ," ಅಂದರು, ಸಂಬಂಧ ಕೂಡಿಬರದ ಜಾತಕ ನೋಡಿದವರ ಹಾಗೆ. ಗೊತ್ತಿದ್ದೂ ಯಾಕೆ ಬೆಸೆದಿರಿ ಅಂದರೆ, "ನೀವೇ ಹೇಳಿದ್ರಲ್ಲ!"

ಹೀಗೇ ಬೇರೆ ಬೇರೆ ಕಸುಬಿನವರು ಒಂದೆಡೆ ಕೂಡಿದ ಕಥೆ ಇನ್ನೊಂದಿದೆ. 1884ರಲ್ಲಿ ಜರ್ಮನಿಯ ಯೇನಾದಲ್ಲಿ ರಸಾಯನಶಾಸ್ತ್ರದ ಓಟ್ಟೊ ಶಾಟ್, ಭೌತಶಾಸ್ತ್ರದ ಅರ್ನ್ಸ್ಟ್ ಅಬೆ, ಸೂಕ್ಷ್ಮದರ್ಶಕ ಮಾಡುತ್ತಿದ್ದ ಕಾರ್ಲ್ ಜೈಸ್ ಸೇರಿ ಗಾಜಿನ ಲ್ಯಾಬ್ ಕಟ್ಟಿದ್ದರು. ನಮ್ಮ ಕಂಡೆನ್ಸರಿನ ಬೋರೋಸಿಲಿಕೇಟ್ ಬಂದದ್ದು ಆ ಲ್ಯಾಬಿನಿಂದಲೇ. ನಮ್ಮ ಕೋಣೆಯಲ್ಲಿ ಅವತ್ತು ಅಂಥದ್ದೇನೂ ಹುಟ್ಟಲಿಲ್ಲ ಬಿಡಿ. ಒಂದು ಬಳೆ ಹೋಯಿತು, ಅಷ್ಟೇ.

ಊಟದ ಹೊತ್ತು ಮೀರಿತ್ತು. ಅಣ್ಣ ಗ್ಯಾಸ್ ಆರಿಸೋಕೆ ಕೈ ಚಾಚಿದರು. ಗೆಳತಿ ಫೋನನ್ನು ವಿಡಿಯೋಗೆ ಇಟ್ಟುಕೊಂಡು, "ಇನ್ನೊಂದೇ ಸಲ ಎಳೀತೀರಾ? ಸ್ವಲ್ಪ ನಿಧಾನಕ್ಕೆ," ಅಂದಳು. ಅವರು ಗಡಿಯಾರ ನೋಡಿದರು, ನನ್ನ ಕೈ ನೋಡಿದರು. ನಾನು ಇನ್ನೊಂದು ಬಳೆ ಬಿಚ್ಚಿದೆ. ಕಂಡೆನ್ಸರ್ ಟವೆಲ್ ಒಳಗೆ ಸುತ್ತಿದ ಹಾಗೇ ಇತ್ತು.